ಅರವಟಿಗೆಯಿಂದ ಚಾರ್ಜಿಂಗ್ ಕೇಂದ್ರದವರೆಗೆ

ವಿದ್ಯುತ್ ಕಾರು ಕೊಂಡಿರುವ ನನ್ನ ಹಳೆಯ ವಿದ್ಯಾರ್ಥಿಗಳು ಊರಿಗೆ ಬರುವ ಮುನ್ನ ಇತ್ತೀಚೆಗೆ ತಪ್ಪದೆ ಕೇಳುವ ಪ್ರಶ್ನೆಯೊಂದಿದೆ: "ಸರ್, ಹೊಸಪೇಟೆ ದಾಟಿದ ಮೇಲೆ ಚಾರ್ಜಿಂಗ್ ಎಲ್ಲಿ ಸಿಗುತ್ತದೆ? ಇಟಗಿಗೆ ಬಂದು ತಿರುಗಿ ಹೋಗಲು ಆದೀತೇ?" ಬೆಂಗಳೂರಿನಲ್ಲಿರುವ ನನ್ನ ಅಣ್ಣನ ಮೊಮ್ಮಗಳೂ ಕಳೆದ ತಿಂಗಳು ಇದನ್ನೇ ಕೇಳಿದಳು. ಪ್ರಶ್ನೆ ಹೊಸ ವಾಹನವನ್ನು ಕುರಿತದ್ದಾದರೂ ಅದರೊಳಗಿನ ಆತಂಕ ಬಹಳ ಹಳೆಯದು. ಮುಂದಿನ ನೀರು ಎಷ್ಟು ದೂರ, ಅಲ್ಲಿ ನಿಜವಾಗಿಯೂ ನೀರಿದ್ದೀತೇ, ಎತ್ತುಗಳು ಅಲ್ಲಿಯವರೆಗೆ ನಡೆದಾವೇ ಎಂದು ನಮ್ಮ ಹಿರಿಯರು ಕೇಳಿಕೊಳ್ಳುತ್ತಿದ್ದರು. ಅದೇ ಪ್ರಶ್ನೆ ಈಗ ಬೇರೆ ಮಾತಿನಲ್ಲಿ ಬಂದಿದೆ. ಮೂವತ್ತು ವರ್ಷಕ್ಕೂ ಮೇಲ್ಪಟ್ಟು ಇತಿಹಾಸ ಬೋಧಿಸಿದವನು ಉತ್ತರ ಕೊಡುವ ಮೊದಲು ಹಿಂದಕ್ಕೆ ಹೋಗುವುದು ಸಹಜ. ನನ್ನ ತರಗತಿಯಲ್ಲಿ ಕುಳಿತವರಿಗೆ ಇದೇನೂ ಹೊಸದಲ್ಲ. ಸ್ವಲ್ಪ ತಾಳ್ಮೆಯಿಂದ ಓದಿ, ಉತ್ತರವನ್ನೂ ಕೊಡುತ್ತೇನೆ.

ನಮ್ಮ ಊರನ್ನು ಕಾಣದ ಕಿರಿಯರಿಗಾಗಿ ಒಂದೆರಡು ಮಾತು. ಇಟಗಿ ಕೊಪ್ಪಳ ಜಿಲ್ಲೆಯ ಊರು. ಬಹುಕಾಲ ಯಲಬುರ್ಗಾ ತಾಲೂಕಿನಲ್ಲಿದ್ದು, ಈಗ ಕುಕನೂರು ತಾಲೂಕಿಗೆ ಸೇರಿದೆ. ಕುಕನೂರಿನಿಂದ ಸುಮಾರು 7 ಕಿ.ಮೀ., ಗದಗ ಜಿಲ್ಲೆಯ ಲಕ್ಕುಂಡಿಯಿಂದ ಸುಮಾರು 20 ಕಿ.ಮೀ. ದೂರ. ಕಲ್ಯಾಣ ಚಾಲುಕ್ಯ ಚಕ್ರವರ್ತಿ ಆರನೆಯ ವಿಕ್ರಮಾದಿತ್ಯನ ದಂಡನಾಯಕನಾಗಿದ್ದ ಮಹಾದೇವನು ಕ್ರಿ.ಶ. 1112ರಲ್ಲಿ ಇಲ್ಲಿ ಕಟ್ಟಿಸಿದ ಮಹಾದೇವ ದೇವಾಲಯವನ್ನು ಶಾಸನವು 'ದೇವಾಲಯ ಚಕ್ರವರ್ತಿ' ಎಂದು ಕರೆದಿದೆ. ಮೂಲಗುಡಿಯ ಸುತ್ತ ಹದಿಮೂರು ಕಿರುಗುಡಿಗಳಿವೆ. ತಂದೆತಾಯಿಗಳ ಹೆಸರಿನಲ್ಲಿ ಅವನು ನಿಲ್ಲಿಸಿದ ಮೂರ್ತಿನಾರಾಯಣ, ಚಂದ್ರಲೇಶ್ವರಿ ಗುಡಿಗಳೂ ಇವೆ. ಇಂಥದೊಂದು ಗುಡಿ ಇಂದು ಹೆದ್ದಾರಿಯಿಂದ ಒಳಗೆ, ಯರೆಹೊಲಗಳ ನಡುವೆ ನಿಂತಿರುವುದನ್ನು ಕಂಡು ಪ್ರವಾಸಿಗರು ಬೆರಗಾಗುತ್ತಾರೆ. ಆದರೆ ಹನ್ನೆರಡನೆಯ ಶತಮಾನದಲ್ಲಿ ಇದು ಮೂಲೆಯ ಊರಾಗಿರಲಿಲ್ಲ. ಲಕ್ಕುಂಡಿ, ಇಟಗಿ, ಕುಕನೂರು ಇವೆಲ್ಲ ಹೆಸರಾಂತ ಊರುಗಳು. ಹೇರೆತ್ತುಗಳ ಮೇಲೆ, ಕತ್ತೆಗಳ ಮೇಲೆ ಸರಕು ಹೇರಿಕೊಂಡು ದೇಶದೇಶಗಳನ್ನು ಸುತ್ತುತ್ತಿದ್ದ ಅಯ್ಯಾವೊಳೆ ಐನೂರ್ವರಂಥ ವರ್ತಕ ಸಂಘಗಳು ಈ ನಾಡಿನವೇ. ಊರು ಮುನ್ನೆಲೆಗೆ ಬರುವುದೂ ಹಿಂದೆ ಸರಿಯುವುದೂ ದಾರಿಯಿಂದ. ದಾರಿ ಎಲ್ಲಿ ಹಾಯುತ್ತದೆ ಎಂಬುದನ್ನು ನಿರ್ಧರಿಸುವುದು ಬಹುಮಟ್ಟಿಗೆ ಪ್ರಯಾಣಿಕ ಎಲ್ಲಿ ನಿಲ್ಲಬಲ್ಲ ಎಂಬ ಸಂಗತಿ.

ಅರಸರು ಅಗೆಸಿದ ಬಾವಿ

ಪ್ರಯಾಣಿಕನ ನಿಲುಗಡೆಯ ಬಗೆಗೆ ಅರಸನೊಬ್ಬ ಬರೆಯಿಸಿದ ಹಳೆಯ ಮಾತು ಅಶೋಕನದು. ನಮ್ಮ ಕೊಪ್ಪಳದ ಗವಿಮಠ ಮತ್ತು ಪಾಲ್ಕಿಗುಂಡುಗಳಲ್ಲಿ ಅಶೋಕನ ಶಾಸನಗಳಿರುವುದು ನಿಮಗೆಲ್ಲ ಗೊತ್ತಿದೆ. ನಿಮ್ಮಲ್ಲಿ ಹಲವರನ್ನು ಶಾಲಾ ಪ್ರವಾಸದಲ್ಲಿ ಅಲ್ಲಿಗೆ ಕರೆದೊಯ್ದಿದ್ದೆ. ನಾನು ಹೇಳುತ್ತಿರುವ ಮಾತು ಅವುಗಳಲ್ಲಿಲ್ಲ. ಈಗ ದೆಹಲಿಯಲ್ಲಿರುವ ಟೋಪ್ರಾ ಸ್ತಂಭದ ಏಳನೆಯ ಶಾಸನದಲ್ಲಿದೆ. ದಾರಿಗಳಲ್ಲಿ ಆಲದ ಮರಗಳನ್ನು ನೆಡಿಸಿದ್ದನ್ನೂ, ನಿಯತವಾದ ಅಂತರದಲ್ಲಿ ಬಾವಿಗಳನ್ನು ತೋಡಿಸಿದ್ದನ್ನೂ, ತಂಗುವ ಮನೆಗಳನ್ನೂ ನೀರಿನ ತಾಣಗಳನ್ನೂ ಮಾಡಿಸಿದ್ದನ್ನೂ ಅರಸನು ಅಲ್ಲಿ ಹೇಳಿಕೊಂಡಿದ್ದಾನೆ. ಅದೂ ಮನುಷ್ಯರಿಗೆ ಮಾತ್ರವಲ್ಲ, ಪಶುಗಳಿಗೂ. ಆ ಅಂತರ ಅರ್ಧ ಕ್ರೋಶವೋ ಎಂಟು ಕ್ರೋಶವೋ ಎಂಬುದರಲ್ಲಿ ಪಂಡಿತರಿಗೆ ಒಮ್ಮತವಿಲ್ಲ. ಅಂತರವೊಂದನ್ನು ಗೊತ್ತುಪಡಿಸಿದ್ದ ಎಂಬುದೇ ನಮಗೆ ಮುಖ್ಯ. ಬಾವಿ ಎಲ್ಲಿ ಸುಲಭವಾಗಿ ಆಗುತ್ತದೋ ಅಲ್ಲಿ ತೋಡಿಸುವುದು ಒಂದು ಬಗೆ. ನಡೆಯುವವನಿಗೆ ಎಲ್ಲಿ ಬೇಕಾಗುತ್ತದೋ ಅಲ್ಲಿ ತೋಡಿಸುವುದು ಇನ್ನೊಂದು ಬಗೆ.

ನಮ್ಮ ನಾಡಿನ ಶಾಸನಗಳಲ್ಲಿ ಅರವಟಿಗೆ, ಸತ್ರ, ಕೆರೆ, ಬಾವಿ ಎಂಬ ಮಾತುಗಳು ಮತ್ತೆ ಮತ್ತೆ ಬರುತ್ತವೆ. ಬೇಸಿಗೆಯಲ್ಲಿ ದಾರಿಹೋಕರಿಗೆ ನೀರು, ಮಜ್ಜಿಗೆ ಕೊಡುವ ಚಪ್ಪರವೇ ಅರವಟಿಗೆ. ಇಂದಿಗೂ ನಮ್ಮ ಬಸ್ ನಿಲ್ದಾಣಗಳ ಎದುರು ಮಣ್ಣಿನ ಗಡಿಗೆಗಳನ್ನಿಟ್ಟು ಕೆಲವರು ಈ ಕೆಲಸ ಮಾಡುತ್ತಾರೆ. ಲಕ್ಕುಂಡಿಯಲ್ಲಿ ನೂರಾ ಒಂದು ಗುಡಿ, ನೂರಾ ಒಂದು ಬಾವಿ ಎಂಬ ಮಾತು ಜನಜನಿತವಾಗಿದೆ. ಎಣಿಕೆ ಏನೇ ಇರಲಿ, ಅಲ್ಲಿನ ಮುಸುಕಿನ ಬಾವಿಯ ಮೆಟ್ಟಿಲುಗಳನ್ನು ಇಳಿದು ನೋಡಿದವರಿಗೆ, ನೀರಿಗೂ ದೇವರಿಗೂ ಆ ಕಾಲದವರು ಒಂದೇ ಶ್ರದ್ಧೆಯಿಂದ ಕಲ್ಲು ಕೆತ್ತಿದ್ದು ಕಾಣುತ್ತದೆ.

ಎತ್ತಿನ ಲೆಕ್ಕ

ನನ್ನ ಬಾಲ್ಯದಲ್ಲಿ ನಮ್ಮ ಮನೆಯಲ್ಲಿ ಚಕ್ಕಡಿಯಿತ್ತು. ಕೊಪ್ಪಳದ ಗವಿಸಿದ್ಧೇಶ್ವರ ಜಾತ್ರೆಗೆ ಹೊರಡುವುದೆಂದರೆ ನಮ್ಮ ತಂದೆಯವರು ಎರಡು ದಿನ ಮೊದಲೇ ಲೆಕ್ಕ ಹಾಕುತ್ತಿದ್ದರು. ಹೇರಿದ ಬಂಡಿಯನ್ನು ಎಳೆಯುವ ಎತ್ತು ಗಂಟೆಗೆ ಮೂರು, ಹೆಚ್ಚೆಂದರೆ ನಾಲ್ಕು ಕಿ.ಮೀ. ನಡೆಯುತ್ತದೆ. ನಡುವೆ ನೊಗ ಬಿಚ್ಚಿ ಮೇವು ಹಾಕಬೇಕು, ನೀರು ಕುಡಿಸಬೇಕು, ಮೆಲುಕು ಹಾಕಲು ಬಿಡಬೇಕು. ಹೀಗೆ ದಿನಕ್ಕೆ ಇಪ್ಪತ್ತರಿಂದ ಇಪ್ಪತ್ತೈದು ಕಿ.ಮೀ. ಸಾಗಿದರೆ ಅದು ಒಳ್ಳೆಯ ಪ್ರಯಾಣ. ಬಂಡಿಯಲ್ಲಿ ಕಣಿಕೆ, ಹೊಟ್ಟು, ನೆನೆಸಲು ಹತ್ತಿಕಾಳು, ಕೀಲಿಗೆ ಎಣ್ಣೆ, ನಮಗೆ ರೊಟ್ಟಿಯ ಬುತ್ತಿ. ಮೇವನ್ನು ಹೆಚ್ಚು ಹೇರಿದರೆ ಭಾರ ಹೆಚ್ಚಿ ಎತ್ತು ಬೇಗ ದಣಿಯುತ್ತದೆ. ಕಡಿಮೆ ಹೇರಿದರೆ ದಾರಿಯಲ್ಲಿ ಮತ್ತೊಬ್ಬರ ಕಣದ ಮುಂದೆ ನಿಂತು ಕೇಳಬೇಕಾಗುತ್ತದೆ. ಮಳೆ ಬಿದ್ದು ಯರೆನೆಲ ಗಾಲಿಗೆ ಮೆತ್ತಿಕೊಂಡಿತೆಂದರೆ ಲೆಕ್ಕವೆಲ್ಲ ತಲೆಕೆಳಗು. ಅರ್ಧ ದಾರಿಗೇ ಒಂದು ದಿನ ಕಳೆಯುತ್ತಿತ್ತು.

ತಂದೆಯವರಿಗೆ ಈ ಲೆಕ್ಕವನ್ನು ಯಾರೂ ಪುಸ್ತಕದಿಂದ ಕಲಿಸಿರಲಿಲ್ಲ. ಯಾವ ಊರಿನ ಹೊಂಡ ಯಾವ ತಿಂಗಳಲ್ಲಿ ಬತ್ತುತ್ತದೆ, ಯಾವ ಮಠದ ಅಂಗಳದಲ್ಲಿ ಬಂಡಿ ಬಿಡಲು ಜಾಗವಿದೆ, ಯಾವ ಬಾವಿಯ ಹಗ್ಗ ಸವೆದಿದೆ ಎಂಬುದೆಲ್ಲ ಎದುರಿಗೆ ಬಂದ ಬಂಡಿಯವರಿಂದ ತಿಳಿಯುತ್ತಿತ್ತು. ಎರಡು ಬಂಡಿಗಳು ಎದುರಾದಾಗ ಊರು, ಹೆಸರು ಕೇಳಿದ ಕೂಡಲೇ ಕೇಳುತ್ತಿದ್ದ ಮಾತು ನೀರಿನದು.

ಈ ಲೆಕ್ಕ ತಪ್ಪಿದಾಗ ಏನಾಗುತ್ತದೆ ಎಂಬುದಕ್ಕೆ ನಮ್ಮ ಸೀಮೆಯ ಇತಿಹಾಸದಲ್ಲಿಯೇ ಘೋರವಾದ ನಿದರ್ಶನವಿದೆ. 1876ರಿಂದ 1878ರವರೆಗೆ ದಕ್ಷಿಣ ಭಾರತವನ್ನು ಕಾಡಿದ ಮಹಾ ಬರವನ್ನು ನಮ್ಮ ಹಿರಿಯರು ಧಾತು ಸಂವತ್ಸರದ ಬರವೆಂದು ನೆನೆಯುತ್ತಿದ್ದರು. ಬಳ್ಳಾರಿ, ಧಾರವಾಡ, ರಾಯಚೂರು ಸೀಮೆಗಳೆಲ್ಲ ತತ್ತರಿಸಿದವು. ಹೊರಗಿನಿಂದ ಧಾನ್ಯ ತರಿಸಿ ರೈಲು ನಿಲ್ದಾಣಗಳಲ್ಲಿ ಇಳಿಸಿದರೂ ಅದನ್ನು ಒಳನಾಡಿಗೆ ಒಯ್ಯುವುದು ದುಸ್ತರವಾಯಿತು. ದಾರಿಯಲ್ಲಿ ಮೇವಿಲ್ಲ, ನೀರಿಲ್ಲ, ಎತ್ತುಗಳೇ ಸತ್ತುಹೋಗಿದ್ದವು. ಚೀಲ ನಿಲ್ದಾಣದಲ್ಲಿ, ಹಸಿದ ಬಾಯಿ ಹಳ್ಳಿಯಲ್ಲಿ. ಆ ಬರದ ಪಾಠದಿಂದಲೇ ಸದರ್ನ್ ಮರಾಠಾ ರೈಲ್ವೆ ಹುಟ್ಟಿ, 1880ರ ದಶಕದಲ್ಲಿ ಗದಗದಿಂದ ಕೊಪ್ಪಳ, ಹೊಸಪೇಟೆಗಳ ಮೇಲೆ ಹಾದು ಬಳ್ಳಾರಿಯತ್ತ ಹಳಿ ಬಿದ್ದಿತು. ನಮ್ಮ ಭಾಗಕ್ಕೆ ಬನ್ನಿಕೊಪ್ಪ ನಿಲ್ದಾಣ ಬಂದದ್ದು ಈ ಮಾರ್ಗದಲ್ಲಿಯೇ.

ಉಗಿಬಂಡಿಯೂ ಬಾಯಾರಿಕೆಯ ಪ್ರಾಣಿಯೇ. ಕಲ್ಲಿದ್ದಲಿಗಿಂತ ಮೊದಲು ಅದಕ್ಕೆ ನೀರು ಮುಗಿಯುತ್ತಿತ್ತು. ಆದ್ದರಿಂದ ಮಾರ್ಗದುದ್ದಕ್ಕೂ ನೀರಿನ ತೊಟ್ಟಿ, ಬಾವಿ, ಇಂಜಿನ್ನಿಗೆ ನೀರು ಬಿಡುವ ಕಂಬ, ಅದನ್ನು ನೋಡಿಕೊಳ್ಳುವ ಸಂಬಳದ ಆಳು ಇವೆಲ್ಲವನ್ನೂ ರೈಲ್ವೆಯವರು ಮೊದಲೇ ಗೊತ್ತುಮಾಡಿಟ್ಟಿದ್ದರು. ಕಂಬವಿದ್ದು ಆಳಿಲ್ಲದ ನಿಲ್ದಾಣವನ್ನು ಅವರು ನಿಲ್ದಾಣವೆಂದು ಎಣಿಸುತ್ತಿರಲಿಲ್ಲ. ಈ ಮಾತನ್ನು ನೆನಪಿನಲ್ಲಿಡಿ, ಮುಂದೆ ಬೇಕಾಗುತ್ತದೆ.

ಔಷಧದಂಗಡಿಯ ಇಂಧನ

ಮೋಟಾರು ವಾಹನದ ಮೊದಲ ದೂರಪ್ರಯಾಣವೂ ಇದೇ ಚಿಂತೆಯಲ್ಲಿ ಸಾಗಿತು. 1888ರ ಆಗಸ್ಟ್ ತಿಂಗಳಿನಲ್ಲಿ ಜರ್ಮನಿಯ ಬರ್ಥಾ ಬೆಂಝ್ ಎಂಬ ದಿಟ್ಟ ಮಹಿಳೆ, ಗಂಡ ಕಾರ್ಲ್ ಬೆಂಝ್ ನಿರ್ಮಿಸಿದ್ದ ಮೂರು ಗಾಲಿಯ ವಾಹನವನ್ನು ಅವನಿಗೆ ತಿಳಿಸದೆಯೇ ಹೊರತೆಗೆದು, ಇಬ್ಬರು ಗಂಡುಮಕ್ಕಳೊಡನೆ ಮಾನ್‌ಹೈಮ್‌ನಿಂದ ಫೋರ್ಟ್ಸ್‌ಹೈಮ್‌ನಲ್ಲಿದ್ದ ತವರಿಗೆ ಹೊರಟಳು. ಸುಮಾರು 106 ಕಿ.ಮೀ. ದಾರಿ. ಆಗ ಪೆಟ್ರೋಲ್ ಬಂಕ್ ಎಂಬುದೇ ಇರಲಿಲ್ಲ. ಬಟ್ಟೆಯ ಕಲೆ ತೆಗೆಯಲು ಬಳಸುತ್ತಿದ್ದ ಲಿಗ್ರೋಯಿನ್ ಎಂಬ ದ್ರವವೇ ಇಂಧನ. ಅದನ್ನು ವೀಸ್‌ಲಾಖ್ ಊರಿನ ಔಷಧದಂಗಡಿಯಲ್ಲಿ ಕೊಂಡಳು. ಜಗತ್ತಿನ ಮೊದಲ ಇಂಧನ ಕೇಂದ್ರವೆಂದು ಇಂದಿಗೂ ಆ ಅಂಗಡಿಯನ್ನು ತೋರಿಸುತ್ತಾರೆ. ದಾರಿಯಲ್ಲಿ ಮತ್ತೆ ಮತ್ತೆ ಇಂಜಿನ್ನಿಗೆ ನೀರು ಹುಡುಕಿದಳು. ಸವೆದ ಬ್ರೇಕಿಗೆ ಚಮ್ಮಾರನಿಂದ ತೊಗಲು ಹೊಡೆಸಿದಳು. ವಾಹನಕ್ಕೆಂದು ಕಟ್ಟಿದ ಯಾವ ವ್ಯವಸ್ಥೆಯೂ ಇಲ್ಲದಿದ್ದರೂ, ಬೇರೆ ಕೆಲಸಕ್ಕಾಗಿ ಊರೂರುಗಳಲ್ಲಿ ಇದ್ದ ಅಂಗಡಿ, ಬಾವಿ, ಚಮ್ಮಾರನ ಕೈ ಇವುಗಳಿಂದಲೇ ಆಕೆ ತವರು ಸೇರಿದಳು.

ವಿದ್ಯುತ್ ಕಾರು ಇತ್ತೀಚಿನ ಹೊಸತೆಂದು ನೀವು ತಿಳಿದಿದ್ದರೆ ಅದು ಸರಿಯಲ್ಲ. 1899ರಲ್ಲಿ ಗಂಟೆಗೆ ನೂರು ಕಿ.ಮೀ. ವೇಗವನ್ನು ಮೊದಲ ಬಾರಿಗೆ ದಾಟಿದ ಕಾರು ಬೆಲ್ಜಿಯಮ್ಮಿನ ಕಮೀಲ್ ಜೆನಾಟ್ಸಿ ಓಡಿಸಿದ ವಿದ್ಯುತ್ ಕಾರು. 1900ರಲ್ಲಿ ಅಮೆರಿಕದಲ್ಲಿ ತಯಾರಾದ 4,192 ಕಾರುಗಳಲ್ಲಿ 1,575 ವಿದ್ಯುತ್ತಿನವು; ಪೆಟ್ರೋಲಿನವು 936 ಮಾತ್ರ; ಉಳಿದವು ಉಗಿಯವು. ಹೊಗೆಯಿಲ್ಲ, ಸದ್ದಿಲ್ಲ, ಕೈಯಿಂದ ತಿರುಗಿಸಿ ಚಾಲೂ ಮಾಡುವ ಕಷ್ಟವಿಲ್ಲ. ಹಾಗಿದ್ದರೂ ಅದು ಸೋತದ್ದೇಕೆ? ಪೆಟ್ರೋಲ್ ಅಗ್ಗವಾದದ್ದು, 1912ರಿಂದ ಪೆಟ್ರೋಲ್ ಕಾರುಗಳಿಗೂ ವಿದ್ಯುತ್ ಸ್ಟಾರ್ಟರ್ ಬಂದದ್ದು, ಬ್ಯಾಟರಿಯ ಭಾರ ಇವೆಲ್ಲ ಕಾರಣಗಳೇ. ಇವುಗಳ ಜೊತೆಗೆ ಇನ್ನೊಂದು ಕಾರಣವನ್ನು ನಾನು ವಿದ್ಯಾರ್ಥಿಗಳಿಗೆ ಒತ್ತಿ ಹೇಳುತ್ತಿದ್ದೆ: ಪೆಟ್ರೋಲನ್ನು ಡಬ್ಬಿಯಲ್ಲಿ ತುಂಬಿ, ಬಂಡಿಯಲ್ಲಿ ಹೇರಿ, ಯಾವ ಹಳ್ಳಿಯ ಕಿರಾಣಿ ಅಂಗಡಿಗಾದರೂ ಒಯ್ಯಬಹುದಿತ್ತು. ವಿದ್ಯುತ್ತನ್ನು ಹಾಗೆ ಒಯ್ಯಲಾಗುತ್ತಿರಲಿಲ್ಲ. ಅಮೆರಿಕದಂಥ ದೇಶದಲ್ಲಿಯೂ 1930ರ ದಶಕದ ನಡುವಿನವರೆಗೆ ಹತ್ತು ಕೃಷಿಕ ಮನೆಗಳಲ್ಲಿ ಸುಮಾರು ಒಂದಕ್ಕೆ ಮಾತ್ರ ವಿದ್ಯುತ್ತಿತ್ತು. ಅದಕ್ಕಾಗಿ ಅವರು 1936ರಲ್ಲಿ ಕಾಯಿದೆಯನ್ನೇ ಮಾಡಬೇಕಾಯಿತು. ವಿದ್ಯುತ್ ಕಾರು ನಗರದಲ್ಲಿ ಗೆದ್ದಿತ್ತು. ಹಳ್ಳಿಯ ದಾರಿಯಲ್ಲಿ ಸೋತಿತು.

ನಮ್ಮಲ್ಲಿ ಶಿವನಸಮುದ್ರದ ವಿದ್ಯುತ್ತು 1902ರಲ್ಲಿಯೇ ಸುಮಾರು 147 ಕಿ.ಮೀ. ದೂರದ ಕೋಲಾರದ ಚಿನ್ನದ ಗಣಿಗೆ ಹರಿಯಿತು. 1905ರಲ್ಲಿ ಬೆಂಗಳೂರಿನ ಬೀದಿ ಬೆಳಗಿತು. ತಂತಿ ಹಾದುಹೋದ ಹಳ್ಳಿಗಳ ಮನೆಗಳಲ್ಲಿ ದೀಪ ಹತ್ತಲು ಮಾತ್ರ ದಶಕಗಳೇ ಬೇಕಾದವು. ನಿಜಾಮರ ಸೀಮೆಯಲ್ಲಿದ್ದ ನಮ್ಮ ಭಾಗಕ್ಕೆ ಇನ್ನೂ ತಡ. ನಿಮ್ಮಲ್ಲಿ ಐವತ್ತು ದಾಟಿದವರು ಕಂದೀಲಿನ ಬೆಳಕಿನಲ್ಲಿ ನನ್ನ ಮನೆಪಾಠ ಬರೆದದ್ದನ್ನು ಮರೆತಿರಲಾರಿರಿ.

ಇಪ್ಪತ್ತೈದು ಕಿ.ಮೀ. ಎಂಬ ಅಂತರ

ಭಾರತದ ವಿದ್ಯುತ್ ಕಾರಿನ ಚರಿತ್ರೆಯಲ್ಲಿ ನಮ್ಮ ರಾಜ್ಯದ ಹೆಸರು ಮೊದಲಿನದು. 2001ರಲ್ಲಿ ಬೆಂಗಳೂರಿನಿಂದ ಹೊರಬಂದ ರೇವಾ ಕಾರನ್ನು ಮನೆಯ 15 ಆಂಪಿಯರ್ ಸಾಕೆಟ್ಟಿಗೆ ಸಿಕ್ಕಿಸಿ ಎಂಟು ಗಂಟೆ ಬಿಟ್ಟರೆ ಸುಮಾರು 80 ಕಿ.ಮೀ. ಓಡುತ್ತಿತ್ತು. ಅದು ಪೇಟೆಯ ಕಾರು. ಅದರಲ್ಲಿ ಇಟಗಿಗೆ ಬರುವ ಮಾತೇ ಇರಲಿಲ್ಲ. 2017ರಲ್ಲಿ ವಿದ್ಯುತ್ ವಾಹನಗಳಿಗೆಂದೇ ನೀತಿ ಪ್ರಕಟಿಸಿದ ಮೊದಲ ರಾಜ್ಯ ಕರ್ನಾಟಕ. 2018ರಲ್ಲಿ ಕೇಂದ್ರ ಸರಕಾರ ಎರಡು ಮುಖ್ಯ ಸಂಗತಿಗಳನ್ನು ಹೊರಡಿಸಿತು. ವಾಹನಕ್ಕೆ ಚಾರ್ಜ್ ಮಾಡಿಕೊಡುವುದು ಒಂದು ಸೇವೆ, ವಿದ್ಯುತ್ತಿನ ಮಾರಾಟವಲ್ಲ. ಆದ್ದರಿಂದ ಅದಕ್ಕೆ ಪರವಾನಗಿ ಬೇಕಿಲ್ಲ ಎಂಬುದು ಒಂದು. ಹೆದ್ದಾರಿಗಳ ಎರಡೂ ಬದಿಗೆ 25 ಕಿ.ಮೀ.ಗೆ ಒಂದರಂತೆ ಚಾರ್ಜಿಂಗ್ ಕೇಂದ್ರಗಳಿರಬೇಕು ಎಂಬುದು ಇನ್ನೊಂದು.

ಇಪ್ಪತ್ತೈದು ಕಿ.ಮೀ.! ದೆಹಲಿಯ ಕಚೇರಿಯಲ್ಲಿ ಈ ಅಂಕಿಯನ್ನು ಬರೆದವರ ಮನಸ್ಸಿನಲ್ಲಿ ಎತ್ತಿನ ಬಂಡಿ ಖಂಡಿತ ಇರಲಾರದು. ಆದರೂ ಅದು ನಮ್ಮ ತಂದೆಯವರ ಒಂದು ದಿನದ ಪ್ರಯಾಣದ ಅಳತೆಗೆ ಸರಿಯಾಗಿ ಬಂದು ನಿಂತದ್ದನ್ನು ಕಂಡು ನಾನು ಒಬ್ಬನೇ ನಕ್ಕೆ.

ನಿಯಮದಲ್ಲಿರುವ ಅಂತರ ನೆಲದ ಮೇಲೆ ಎಲ್ಲ ಕಡೆಯೂ ಹಾಗೆಯೇ ಇರುವುದಿಲ್ಲ. 2024ರ ಕೊನೆಯ ಹೊತ್ತಿಗೆ ಸಾರ್ವಜನಿಕ ಚಾರ್ಜಿಂಗ್ ಕೇಂದ್ರಗಳ ಸಂಖ್ಯೆ ನಮ್ಮ ರಾಜ್ಯದಲ್ಲಿ ಐದು ಸಾವಿರ ದಾಟಿ, ದೇಶದಲ್ಲಿಯೇ ಮೊದಲ ಸ್ಥಾನ ದೊರೆಯಿತು. ಅವುಗಳಲ್ಲಿ ಬಹುಪಾಲು ಬೆಂಗಳೂರು ನಗರ ಜಿಲ್ಲೆಯಲ್ಲಿವೆ. ಮನೆಯಲ್ಲಿಯೇ ರಾತ್ರಿ ಚಾರ್ಜ್ ಮಾಡಿಕೊಳ್ಳಬಲ್ಲವನ ಊರಿನಲ್ಲಿ ಸಾವಿರಾರು ಕೇಂದ್ರಗಳು. ಮನೆಯಿಂದ ನಾನೂರು ಕಿ.ಮೀ. ದೂರ ಬಂದವನ ದಾರಿಯಲ್ಲಿ ಬೆರಳೆಣಿಕೆಯವು. ನೂರು ವರ್ಷಗಳ ಹಿಂದೆ ವಿದ್ಯುತ್ ಕಾರು ಸೋತ ಜಾಗವೂ ಇದೇ ಆಗಿತ್ತು.

ಒಂದು ರಾತ್ರಿಯ ಸಂಗತಿ

ಇದು ಬರಿಯ ಅಂಕಿಸಂಖ್ಯೆಯ ವಿಷಯವಲ್ಲ ಎಂಬುದನ್ನು ಹೇಳಲು ನಮ್ಮ ಮನೆಯದೇ ಒಂದು ಸಂಗತಿ ಬರೆಯುತ್ತೇನೆ. ನಮ್ಮ ಹಿರಿಯಣ್ಣನ ವರ್ಷಾಂತಿಕಕ್ಕೆಂದು ನನ್ನ ತಂಗಿಯನ್ನು ಕರೆದುಕೊಂಡು ಅವಳ ಮಗ ಬೆಂಗಳೂರಿನಿಂದ ವಿದ್ಯುತ್ ಕಾರಿನಲ್ಲಿ ಹೊರಟಿದ್ದ. ತಂಗಿಗೆ ಎಪ್ಪತ್ತು ದಾಟಿದೆ, ಮಧುಮೇಹವಿದೆ. ದಾರಿಯಲ್ಲಿ ಎರಡು ಕಡೆ ಎಲ್ಲವೂ ಸುಗಮವಾಗಿ ನಡೆಯಿತು. ಮೂರನೆಯ ಕೇಂದ್ರ, ಇನ್ನೇನು ಮನೆ ಬಂತು ಎನ್ನುವ ಹಂತದ್ದು, ಕೆಟ್ಟು ನಿಂತಿತ್ತು. ಮೊಬೈಲಿನಲ್ಲಿ ಅದು 'ಲಭ್ಯ' ಎಂದೇ ತೋರಿಸುತ್ತಿತ್ತಂತೆ. ಫಲಕದ ಮೇಲಿನ ಸಂಖ್ಯೆಗೆ ಕರೆ ಮಾಡಿದರೆ ಎತ್ತುವವರಿಲ್ಲ. ಸಂಜೆ ಏಳು ಗಂಟೆ. ನನಗೆ ಫೋನ್ ಬಂತು: "ಮಾಮಾ, ಇಲ್ಲಿ ಮಷೀನ್ ಬಂದ್ ಐತಿ. ಹನ್ನೊಂದು ಪರ್ಸೆಂಟ್ ಉಳದೈತಿ. ಅವ್ವಗ ಊಟದ ಹೊತ್ತಾತು. ಏನ್ ಮಾಡ್ಲಿ?"

ಅವನ ಕಾರಿನ ಬ್ಯಾಟರಿ ಸುಮಾರು 40 ಯೂನಿಟ್ಟಿನದು. ಶೇಕಡ 11 ಎಂದರೆ ನಾಲ್ಕೂವರೆ ಯೂನಿಟ್ಟಿಗಿಂತ ಕಡಿಮೆ. ಯೂನಿಟ್ಟಿಗೆ ಏಳು ಕಿ.ಮೀ. ಹಿಡಿದರೂ ಮೂವತ್ತು ಕಿ.ಮೀ. ಮಾತ್ರ. ಬರಬೇಕಾದ ದೂರ ನಲವತ್ತಕ್ಕೂ ಹೆಚ್ಚು. ಹತ್ತಿರದ ಹಳ್ಳಿಗೆ ಕಾರು ತಿರುಗಿಸಿ, ಯಾರ ಮನೆಯಲ್ಲಾದರೂ ದಪ್ಪ ಪಿನ್ನಿನ ಸಾಕೆಟ್ ಇದೆಯೇ ಕೇಳು ಎಂದೆ. ಮೊದಲ ಮನೆಯವರು ಸಂತೋಷದಿಂದಲೇ ಕೊಟ್ಟರು. ಅಲ್ಲಿ ಅರ್ಥಿಂಗ್ ಸರಿಯಿಲ್ಲದ ಕಾರಣ ಕಾರು ಚಾರ್ಜ್ ತೆಗೆದುಕೊಳ್ಳಲಿಲ್ಲ. ಅವರೇ ಹಿಟ್ಟಿನ ಗಿರಣಿಗೆ ಕರೆದೊಯ್ದರು. ಗಿರಣಿಯೆಂದರೆ ಗಟ್ಟಿ ತಂತಿ, ಒಳ್ಳೆಯ ಅರ್ಥಿಂಗ್. ಗಿರಣಿಯವರು ಬೀಸುವುದನ್ನು ನಿಲ್ಲಿಸಿ ಸಾಕೆಟ್ ಬಿಟ್ಟುಕೊಟ್ಟರು. ತಂಗಿಯನ್ನು, "ಅಕ್ಕಾರ, ಒಳಗ ಬಂದು ಕುಂದರ್ರಿ" ಎಂದು ಮನೆಯೊಳಗೆ ಕರೆದು ರೊಟ್ಟಿ, ಪಲ್ಯ ಬಡಿಸಿದರು. ಮೂರು ಗಂಟೆಯಲ್ಲಿ ಎಂಟೊಂಬತ್ತು ಯೂನಿಟ್ ತುಂಬಿತು. ಹಣ ಕೊಡಹೋದರೆ, "ಜ್ವಾಳ ಬೀಸಿದ್ದಕ್ಕ ಲೆಕ್ಕ ಐತ್ರಿ, ಇದಕ್ಕ ಏನ್ ಲೆಕ್ಕ ಹಚ್ಚೂದು ನಂಗ ಗೊತ್ತಿಲ್ರಿ" ಎಂದರಂತೆ. ಅಳಿಯ ದೇವರ ಪಟದ ಮುಂದೆ ಸ್ವಲ್ಪ ಹಣವಿಟ್ಟು ನಮಸ್ಕರಿಸಿ ಬಂದ. ಮನೆ ಮುಟ್ಟಿದಾಗ ನಡುರಾತ್ರಿಯಾಗಿತ್ತು.

ಬರ್ಥಾ ಬೆಂಝಳಿಗೆ ಔಷಧದಂಗಡಿ ಒದಗಿದಂತೆ ನನ್ನ ತಂಗಿಗೆ ಗಿರಣಿ ಒದಗಿತು. ಹಳ್ಳಿಯ ಸೌಜನ್ಯ ದೊಡ್ಡದು. ಅದಕ್ಕೆ ನಾನು ಋಣಿ. ಆದರೆ ಸೌಜನ್ಯವನ್ನೇ ನಂಬಿ ದಿನವೂ ನೂರು ಕಾರು ಬರಲಾಗದು. ಗಿರಣಿಯವರೂ ದಿನವೂ ಬೀಸುವುದನ್ನು ನಿಲ್ಲಿಸಲಾರರು.

ಖಂಡಸ್ಫುಟಿತ ಜೀರ್ಣೋದ್ಧಾರ

ಶಾಸನಗಳನ್ನು ಓದುವವರಿಗೆಲ್ಲ ಪರಿಚಿತವಾದ ಪದವೊಂದಿದೆ: ಖಂಡಸ್ಫುಟಿತ ಜೀರ್ಣೋದ್ಧಾರ. ಮುರಿದದ್ದನ್ನು, ಬಿರುಕು ಬಿಟ್ಟದ್ದನ್ನು, ಹಳತಾದದ್ದನ್ನು ಸರಿಪಡಿಸುವುದು ಎಂದರ್ಥ. ಗುಡಿ ಕಟ್ಟಿಸಿದವರು, ಸತ್ರ ಇಡಿಸಿದವರು ಅಷ್ಟಕ್ಕೆ ಸುಮ್ಮನಾಗುತ್ತಿರಲಿಲ್ಲ. ಇಷ್ಟು ಮತ್ತರು ಭೂಮಿಯನ್ನು ಇಂಥವರ ಕೈಯಲ್ಲಿ ಬಿಟ್ಟಿದ್ದೇವೆ. ಅದರ ಹುಟ್ಟುವಳಿಯಿಂದ ದೀಪದ ಎಣ್ಣೆ ನಡೆಯಬೇಕು, ಅನ್ನ ನಡೆಯಬೇಕು, ಮತ್ತು ಮುರಿದದ್ದರ ದುರಸ್ತಿ ನಡೆಯಬೇಕು ಎಂದು ಕಲ್ಲಿನಲ್ಲಿ ಬರೆಯಿಸುತ್ತಿದ್ದರು. ಕಟ್ಟಡ ಒಂದು ದಿನ ಬಿರುಕು ಬಿಡುತ್ತದೆಂಬುದನ್ನು ಕಟ್ಟಿದ ದಿನವೇ ಒಪ್ಪಿಕೊಂಡ ಜನ ಅವರು. ಉದ್ಘಾಟನೆಯ ಫಲಕದಲ್ಲಿ ಗಣ್ಯರ ಹೆಸರನ್ನಷ್ಟೇ ಕೆತ್ತಿಸುವ ನಮ್ಮ ಕಾಲದವರು ಈ ಪದವನ್ನು ಮರೆತಿದ್ದೇವೆ.

ಚಾರ್ಜಿಂಗ್ ಕಂಬವನ್ನು ನಿಲ್ಲಿಸುವುದು ಸುಲಭ. ಅದಕ್ಕೆ ಸಹಾಯಧನವೂ ಸಿಗುತ್ತದೆ. ಅದನ್ನು ನಡೆಸುವುದು ಕಷ್ಟ. ದಿನಕ್ಕೆ ಎರಡೇ ಕಾರು ಬರುವ ಊರಿನಲ್ಲಿ ಕಂಬ ಕೆಟ್ಟರೆ ದೂರದ ನಗರದಿಂದ ದುರಸ್ತಿಗಾರ ಬರಬೇಕು. ಅವನು ಬರುವ ಖರ್ಚು ತಿಂಗಳ ಆದಾಯಕ್ಕಿಂತ ಹೆಚ್ಚು. ಆದಾಯವಿಲ್ಲವೆಂದು ದುರಸ್ತಿಯಿಲ್ಲ, ದುರಸ್ತಿಯಿಲ್ಲವೆಂದು ಕಾರುಗಳಿಲ್ಲ, ಕಾರುಗಳಿಲ್ಲವೆಂದು ಆದಾಯವಿಲ್ಲ. ಈ ಸುತ್ತನ್ನು ಮುರಿಯಲು ನನಗೆ ಕಾಣುವ ದಾರಿ ಹಳೆಯದೇ. ಕಂಬದ ಜೊತೆಗೆ ಅದಕ್ಕೊಂದು ದತ್ತಿಯೂ ಒಬ್ಬ ಕಾವಲಿಗನೂ ಇರಬೇಕು. ಸಹಾಯಧನದ ಒಂದು ಭಾಗವನ್ನು ಕಟ್ಟುವುದಕ್ಕೆ ಕೊಡದೆ, ಕಂಬ ಕೆಲಸ ಮಾಡಿದ ದಿನಗಳಿಗೆ ತಕ್ಕಂತೆ ಕೊಡಲಿ. ಅದರ ಉಸ್ತುವಾರಿಯನ್ನು ಆ ಊರಿನ ಗಿರಣಿಯವರಿಗೋ, ಖಾನಾವಳಿಯವರಿಗೋ, ಮಹಿಳಾ ಸ್ವಸಹಾಯ ಸಂಘಕ್ಕೋ ವಹಿಸಿ, ಯೂನಿಟ್ಟಿಗೆ ಇಷ್ಟೆಂದು ಪಾಲು ಕೊಡಲಿ. ರಾತ್ರಿ ಏಳಕ್ಕೆ ಕರೆ ಮಾಡಿದರೆ ಎತ್ತುವ ಒಬ್ಬ ಮನುಷ್ಯ ಕಂಬದ ಪಕ್ಕದ ಮನೆಯಲ್ಲಿರಲಿ.

ಇಟಗಿಗಂತೂ ಇದರಿಂದ ಲಾಭವೇ. ಪೆಟ್ರೋಲ್ ತುಂಬಿಸಲು ಐದು ನಿಮಿಷ ಸಾಕು. ಪ್ರಯಾಣಿಕ ಊರಿನ ಹೆಸರನ್ನೂ ಓದದೆ ಮುಂದೆ ಹೋಗುತ್ತಾನೆ. ವಿದ್ಯುತ್ ಕಾರಿನವನು ಎತ್ತಿನ ಬಂಡಿಯವನಂತೆ ಮತ್ತೆ ನಿಲ್ಲುವವನಾಗಿದ್ದಾನೆ. ಮಹಾದೇವ ಗುಡಿಯನ್ನು ನೆಮ್ಮದಿಯಿಂದ ನೋಡಲು ಎರಡು ಗಂಟೆ ಬೇಕು. ಗುಡಿಯ ಸಂರಕ್ಷಿತ ಆವರಣದಿಂದ ದೂರದಲ್ಲಿ, ಊರೊಳಗಿನ ಯಾವುದಾದರೊಂದು ಅಂಗಳದಲ್ಲಿ 7 ಕಿಲೋವಾಟಿನ ಸಾಧಾರಣ ಕಂಬವೊಂದಿದ್ದರೂ ಆ ಎರಡು ಗಂಟೆಯಲ್ಲಿ ಹದಿನಾಲ್ಕು ಯೂನಿಟ್, ಅಂದರೆ ತೊಂಬತ್ತು ನೂರು ಕಿ.ಮೀ.ಗೆ ಸಾಲುವಷ್ಟು ವಿದ್ಯುತ್ತು ತುಂಬುತ್ತದೆ. ಬಂದವರು ಊಟ ಮಾಡುತ್ತಾರೆ, ಚಹಾ ಕುಡಿಯುತ್ತಾರೆ, ಮಕ್ಕಳಿಗೆ ಕಂಬಗಳ ಕುಸುರಿಯನ್ನು ತೋರಿಸುತ್ತಾರೆ. ಗದಗ, ಕೊಪ್ಪಳದ ಬಯಲುಗಳಲ್ಲಿ ಗಾಳಿಯಂತ್ರಗಳು ಹಗಲಿರುಳು ತಿರುಗುತ್ತಿವೆ. ನಮ್ಮ ಹೊಲಗಳ ಮೇಲೆ ಹುಟ್ಟುವ ವಿದ್ಯುತ್ತಿನಲ್ಲಿ ಒಂದಿಷ್ಟು ನಮ್ಮ ಊರಿಗೆ ಬಂದವರ ಕಾರಿಗೂ ಸಿಗಲಿ ಎಂದು ಕೇಳುವುದು ಹೆಚ್ಚಿನ ಆಸೆಯಲ್ಲ.

ನೀವು ಹೊರಡುವ ಮುನ್ನ

ಈಗ ಮಾತು ಕೊಟ್ಟಂತೆ ಉತ್ತರ. ಬೆಂಗಳೂರಿನಿಂದ ಚಿತ್ರದುರ್ಗ ಸುಮಾರು 200 ಕಿ.ಮೀ.; ಅಲ್ಲಿಂದ ಹೊಸಪೇಟೆ ಸುಮಾರು 140. ಮೊದಲ ತುಂಡಿನಲ್ಲಿ ಕೇಂದ್ರಗಳು ಹೆಚ್ಚು, ಎರಡನೆಯದರಲ್ಲಿ ಕಡಿಮೆ. ಆದ್ದರಿಂದ ಚಿತ್ರದುರ್ಗದಲ್ಲಿ ತುಂಬಿಕೊಳ್ಳದೆ ಮುಂದೆ ಬರಬೇಡಿ; ಹೊಸಪೇಟೆಯಲ್ಲಿ ಮತ್ತೆ ತುಂಬಿಕೊಳ್ಳಿ. ಹೊಸಪೇಟೆಯಿಂದ ಇಟಗಿಗೆ ಬಂದು ಮರಳಿ ಹೊಸಪೇಟೆಯನ್ನೋ, ಇನ್ನೊಂದು ಕಡೆ ಗದಗವನ್ನೋ ಮುಟ್ಟುವಷ್ಟು ಬ್ಯಾಟರಿಯಲ್ಲಿ ಇರಬೇಕು. ಹುಬ್ಬಳ್ಳಿ ಕಡೆಯಿಂದ ಬರುವವರಿಗೆ ಗದಗ ಸುಮಾರು 58 ಕಿ.ಮೀ.; ಅವರಿಗೆ ಚಿಂತೆ ಕಡಿಮೆ.

ಕಂಪನಿಯವರು ಹೇಳುವ ದೂರದಲ್ಲಿ ಮುಕ್ಕಾಲು ಪಾಲನ್ನಷ್ಟೇ ನಂಬಿ. ನೂರರ ಮೇಲಿನ ವೇಗ, ಎದುರುಗಾಳಿ, ಎ.ಸಿ., ತುಂಬಿದ ಸಾಮಾನು ಇವೆಲ್ಲ ಯರೆಮಣ್ಣಿನಂತೆ ಗಾಲಿಯನ್ನು ಹಿಡಿಯುತ್ತವೆ. ಶೇಕಡ 20ಕ್ಕೆ ಇಳಿಯುವ ಮೊದಲೇ ಮುಂದಿನ ಕೇಂದ್ರ ತಲುಪುವಂತೆ ಲೆಕ್ಕ ಹಾಕಿ. 80ರ ಮೇಲೆ ತುಂಬುವುದು ನಿಧಾನವಾದ್ದರಿಂದ ವೇಗದ ಕೇಂದ್ರದಲ್ಲಿ ಅಲ್ಲಿಗೇ ನಿಲ್ಲಿಸಿ ಹೊರಡಿ. ಪ್ರತಿ ನಿಲುಗಡೆಗೂ ಅದು ಕೆಟ್ಟಿದ್ದರೆ ಮತ್ತೊಂದು ಯಾವುದು ಎಂದು ಮೊದಲೇ ಬರೆದಿಟ್ಟುಕೊಳ್ಳಿ. ಮೊಬೈಲಿನ ಪರದೆಯನ್ನಷ್ಟೇ ನೋಡದೆ, ಅರ್ಧ ಗಂಟೆ ಮೊದಲು ಅಲ್ಲಿಗೆ ಕರೆ ಮಾಡಿ ವಿಚಾರಿಸಿ. ಮನೆಯ ಸಾಕೆಟ್ಟಿನಿಂದ ತುಂಬಿಸುವ ತಂತಿಯನ್ನು ಡಿಕ್ಕಿಯಿಂದ ತೆಗೆಯಬೇಡಿ. ವಯಸ್ಸಾದವರು ಜೊತೆಗಿದ್ದರೆ ಬುತ್ತಿಯನ್ನೂ ಔಷಧವನ್ನೂ ಕೈಗೆಟುಕುವಲ್ಲಿ ಇಡಿ. ಕೇಂದ್ರವೊಂದು ಕೆಟ್ಟಿದ್ದು ಕಂಡರೆ ಮುಂದೆ ಬರುವವರಿಗೆ ತಿಳಿಯುವಂತೆ ಅಲ್ಲಿಯೇ ನಾಲ್ಕು ಅಕ್ಷರ ಬರೆದು ಹಾಕಿ. ಎದುರಾದ ಬಂಡಿಯವರಿಗೆ ನೀರಿನ ಸುದ್ದಿ ಹೇಳುವುದು ನಮ್ಮ ದಾರಿಗಳ ಹಳೆಯ ರೂಢಿ.

ನಮ್ಮ ಮನೆಯ ಪಡಸಾಲೆಯ ಹೊರಗೆ ಹೋದ ತಿಂಗಳು ಒಂದು 15 ಆಂಪಿಯರ್ ಸಾಕೆಟ್ ಹಾಕಿಸಿ, ಅರ್ಥಿಂಗ್ ಹೊಸದಾಗಿ ಮಾಡಿಸಿದ್ದೇನೆ. ರಾತ್ರಿ ಸಿಕ್ಕಿಸಿಟ್ಟರೆ ಬೆಳಗಿನೊಳಗೆ ಮೂವತ್ತು ಯೂನಿಟ್ ಆದೀತು. ಅಷ್ಟರಲ್ಲಿ ಊಟ, ಮಾತು, ನಿದ್ರೆ ಎಲ್ಲವೂ ಆಗುತ್ತದೆ. ಬರುವವರು ಒಂದು ದಿನ ಮೊದಲು ತಿಳಿಸಿದರೆ ಸಾಕು.